ಕೇಳದೇ ಬಂದ ಸರೋವರಗಳು

ರಬಕವಿಯ ನಮ್ಮ ಮನೆಯಲ್ಲಿ ಮುಂದಿನ ಕೋಣೆ ವಿದ್ಯುತ್ ಮಗ್ಗಗಳದ್ದು, ಅದರ ಹಿಂದಿನ ಸಣ್ಣ ಕೋಣೆ ನನ್ನದು. ಅಲ್ಲಿ ಕೂತು ಕಂಪ್ಯೂಟರಿನಲ್ಲಿ ಸೀರೆಯ ದಡಿಗೆ, ಸೆರಗಿಗೆ ಚಿತ್ತಾರ ಬರೆಯುತ್ತೇನೆ. ಮಗ್ಗದ ಸದ್ದು ಗೋಡೆ ದಾಟಿ ಬಂದು ಮೇಜು ಸಣ್ಣಗೆ ನಡುಗುತ್ತಿರುತ್ತದೆ. ಮದುವೆಯಾಗಿ ಬಂದ ಹೊಸತರಲ್ಲಿ ಅದರಿಂದ ತಲೆನೋವು ಬರುತ್ತಿತ್ತು. ಈಗ ಅದಿಲ್ಲದಿದ್ದರೆ ಕೆಲಸಕ್ಕೆ ಕೈ ಏಳುವುದಿಲ್ಲ.

ಹೋದ ವರ್ಷ ಒಂದು ದಡಿಗೆ ಹೊಸ ಬಳ್ಳಿ ಬೇಕಾಗಿತ್ತು. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಹೂಬಳ್ಳಿಗಳ ಕಟ್ಟೊಂದು ಸಿಕ್ಕಿತು. ಇಳಿಸಿಕೊಳ್ಳುವಾಗ ಅದು ಏನೇನೋ ಕೇಳಿತು. ನಾನು ಓದದೆ ಎಲ್ಲದಕ್ಕೂ ಹೂಂ ಎನ್ನುತ್ತ ಹೋದೆ. ಹೂಗಳ ಜೊತೆ ಬೇಡದ ಸಾಫ್ಟ್‌ವೇರೊಂದು ಒಳಗೆ ಬಂದು ಕೂತಿತು. ಮರುದಿನ ಕಂಪ್ಯೂಟರ್ ಚಾಲೂ ಮಾಡಿದರೆ ಪರದೆಯ ತುಂಬ ಒಂದು ಸರೋವರ. ಸುತ್ತ ಹಿಮದ ಬೆಟ್ಟ, ದಡದಲ್ಲಿ ಕೆಂಪು ದೋಣಿ. ಊರಿನ ಹೆಸರಿಲ್ಲ, ಮನುಷ್ಯರಿಲ್ಲ.

ಚಹಾ ಹಿಡಿದು ಬಂದ ಅತ್ತೆ ಬಾಗಿಲಲ್ಲೇ ನಿಂತರು.

“ಇದ್ಯಾವ ಊರ ಬೇ?”

“ಗೊತ್ತಿಲ್ಲರಿ ಅತ್ತಿ. ತಾನ ಬಂದೈತಿ.”

“ಇರಲಿ ಬಿಡು. ನೋಡಿದ್ರ ತಂಪ ಅನಸ್ತೈತಿ.”

ಅಂದಿನಿಂದ ದಿನಕ್ಕೊಂದು ನೀರು ಬರತೊಡಗಿತು. ಒಮ್ಮೆ ಮಂಜಿನಲ್ಲಿ ಅರ್ಧ ಮುಳುಗಿದ ನಡುಗಡ್ಡೆ, ಒಮ್ಮೆ ಹಾಲಿನಂತೆ ಬೆಳ್ಳಗಿನ ಹೊಳೆ. ಅತ್ತೆ ಮೂವತ್ತು ವರ್ಷ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿದವರು. ಬೆರಳ ಗಂಟುಗಳು ಬಾತ ಮೇಲೆ ಆ ಕೆಲಸ ಬಿಟ್ಟು, ಮುಂಜಾನೆ ಹೊತ್ತು ಎಲ್ಲಿ ಕೂರಬೇಕೆಂದು ತಿಳಿಯದೆ ಮನೆ ತುಂಬ ಓಡಾಡುತ್ತಿದ್ದರು. ಈಗ ನನ್ನ ಕೋಣೆಯಲ್ಲಿ ಚಾಪೆ ಹಾಕಿ ಕೂರುವುದು ರೂಢಿಯಾಯಿತು. ಒಂದು ದಿನ ತಮ್ಮ ಕನಸು ಹೇಳಿದರು. ಬರಿಗಾಲಲ್ಲಿ ಹಿಮದ ಮೇಲೆ ನಡೆದರಂತೆ. ಹಿಮ ನೂಲಿನ ಹಾಗೆ ಮೆತ್ತಗಿತ್ತಂತೆ, ಕಾಲಿಗೆ ಸುತ್ತಿಕೊಳ್ಳುತ್ತಿತ್ತಂತೆ. ನನಗೂ ಅಂಥವೇ ಕನಸು ಬೀಳುತ್ತಿದ್ದವು. ಹಾಗೆಂದು ನಾನು ಅವರಿಗೆ ಹೇಳಲಿಲ್ಲ.

ಚಿತ್ರಗಳ ಹಿಂದೆಯೇ ಜಾಹೀರಾತುಗಳು ಬಂದವು. ಹುಡುಕುವ ಪುಟ ಬದಲಾಯಿತು. ಒಂದು ಚುಕ್ಕಿ ಇಟ್ಟರೆ ಅದು ಮೂಡಲು ಎಣಿಸುತ್ತ ಕೂರಬೇಕಾಯಿತು. ಕೊನೆಗೆ ಒಂದು ಮಧ್ಯಾಹ್ನ ಪರದೆ ಹಾಗೇ ಗಟ್ಟಿಯಾಗಿ ನಿಂತು, ಮೂರು ದಿನ ಕೂತು ಬರೆದ ದಡಿ ಹೋಗಿಬಿಟ್ಟಿತು. ನಾನು ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ.

ಜಮಖಂಡಿಯಲ್ಲಿ ಕಂಪ್ಯೂಟರ್ ಕಲಿಸುವ ನನ್ನ ಹಳೆಯ ಗೆಳತಿಗೆ ಫೋನ್ ಮಾಡಿದೆ. ಸೆಟ್ಟಿಂಗ್ಸಿನಲ್ಲಿ ಸಾಫ್ಟ್‌ವೇರುಗಳ ಪಟ್ಟಿ ತೆಗೆದು, ಆ ಹೆಸರು ಹುಡುಕಿ ಅಳಿಸು ಎಂದಳು. ಅತ್ತೆ ಪಕ್ಕದಲ್ಲೇ ಇದ್ದರು.

“ಇದನ್ನ ತಗದ್ರ ಆ ಊರಗೋಳು ಹೊಕ್ಕಾವೇನ?”

“ಹೊಕ್ಕಾವರಿ.”

ಅತ್ತೆ ಚಾಪೆಯ ಅಂಚು ಸರಿಮಾಡಿದರು. “ತಗಿ ಹಂಗಾರ. ನಿನ್ನ ಕೆಲಸ ನಿಂದರಬಾರದ.”

ಅಳಿಸಲು ಹೋದರೆ ಅಳುಮೋರೆಯ ಗೊಂಬೆಯೊಂದು ಬಂದು, ನಿಜವಾಗಿಯೂ ನನ್ನನ್ನು ಬಿಡುತ್ತೀಯಾ ಎಂದು ಕೇಳಿತು. ಬೇಡ ಎಂಬ ಗುಂಡಿ ದೊಡ್ಡದು, ಹೌದು ಎಂಬುದು ಕಾಣದಷ್ಟು ಸಣ್ಣದು. ಅದನ್ನೇ ಹುಡುಕಿ ಒತ್ತಿದೆ. ಪರದೆ ಖಾಲಿ ನೀಲಿಯಾಯಿತು.

ನಾಲ್ಕೈದು ದಿನ ಕಳೆಯಿತು. ನಾನು ಬರುವಷ್ಟರಲ್ಲಿ ಅತ್ತೆ ಮೇಜು ಒರೆಸಿ, ಕಂಪ್ಯೂಟರ್ ಚಾಲೂ ಮಾಡಿ, ನನ್ನ ಚಿತ್ತಾರದ ಪುಟವನ್ನೂ ತೆರೆದಿಟ್ಟಿರುತ್ತಿದ್ದರು. ಈ ವಯಸ್ಸಿನಲ್ಲಿ ಇಷ್ಟು ಕಲಿತರಲ್ಲ ಎಂದು ನನಗೆ ಸಂತೋಷ. ಆದರೆ ಯಂತ್ರ ಮತ್ತೆ ನಿಧಾನವಾಗಿತ್ತು. ಒಂದು ಮುಂಜಾನೆ ಅಡುಗೆಮನೆಯಿಂದ ಬೇಗ ಬಂದೆ. ಅತ್ತೆ ಕೈಯಲ್ಲಿ ಒರೆಸುವ ಬಟ್ಟೆ ಹಿಡಿದು ನಿಂತಿದ್ದರು. ಅವರ ಮುಖದ ಮೇಲೆ ಹಸಿರು ಬೆಳಕು. ಪರದೆಯಲ್ಲಿ ದೊಡ್ಡದೊಂದು ಕೆರೆ, ಅದರಲ್ಲಿ ಮರಗಳ ನೆರಳು.

“ಮತ್ತ ಯಾವಾಗ ಬಂತರಿ ಇದು?”

ಅವರು ಬಟ್ಟೆಯನ್ನು ಮಡಚಿದರು, ಬಿಚ್ಚಿದರು. “ನೀ ತಗದ ಮರದಿನಾನ ಬಂತ. ಹೇಳಿದ್ರ ಮತ್ತ ತಗಿತಿದ್ದಿ.”

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಇಬ್ಬರೂ ಆ ಕೆರೆಯನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತೆವು.

ಗೆಳತಿ ಫೋನಿನಲ್ಲಿ ನಕ್ಕಳು. “ಪಟ್ಟಿಯಿಂದ ಅಷ್ಟ ತಗದ್ರ ಸಾಲೂದಿಲ್ಲ ಬೇ. ಬೇರ ಒಳಗ ಉಳದಿರ್ತಾವ. ನಾ ಹೇಳಿದಂಗ ಒಂದೊಂದ ಮಾಡ್ಕೋತ ಹೋಗು.”

ಅವಳು ಹೇಳುತ್ತ ಹೋದಳು, ನಾನು ಮಾಡುತ್ತ ಹೋದೆ. ಪಟ್ಟಿಯಿಂದ ಮತ್ತೊಮ್ಮೆ ಅಳಿಸಿದೆ. ಬ್ರೌಸರಿನಲ್ಲಿ ಅದು ಅಂಟಿಸಿಹೋಗಿದ್ದ ತುಣುಕನ್ನು ಕಿತ್ತು, ಹುಡುಕುವ ಪುಟವನ್ನು ಮೊದಲಿನಂತೆ ಮಾಡಿದೆ. ಯಂತ್ರ ಚಾಲೂ ಆದಾಗಲೆಲ್ಲ ಇದನ್ನು ಮರಳಿ ಕರೆತರುವಂತೆ ಗುಟ್ಟಾಗಿ ಬರೆದಿಟ್ಟ ಆಜ್ಞೆಯೊಂದಿತ್ತು, ಅದನ್ನೂ ತೆಗೆದೆ. ಕಡೆಗೆ, ಎಲ್ಲೋ ಆಳದಲ್ಲಿ ಮರೆಮಾಡಿಟ್ಟ ಒಂದು ಫೋಲ್ಡರ್ ಸಿಕ್ಕಿತು. ತೆರೆದರೆ ಈವರೆಗೆ ಬಂದ ಅಷ್ಟೂ ಚಿತ್ರಗಳು ಅಲ್ಲಿದ್ದವು.

“ಅತ್ತಿ, ಬರ್ರಿ ಇಲ್ಲೆ.”

ಆ ಮಧ್ಯಾಹ್ನ ಒಂದೊಂದನ್ನೇ ನೋಡಿದೆವು. ಅತ್ತೆಗೆ ಎಲ್ಲವೂ ನೆನಪಿದ್ದವು. “ಇದು ನಿನಗ ಜ್ವರ ಬಂದ ದಿನದ್ದು,” ಎಂದರು. “ಇದು ಸಾವಳಗಿಯಿಂದ ನನ್ನ ತಂಗಿ ಬಂದಾಗಿಂದು. ಅಕಿ ನೋಡಿ ಹೆದರಿದ್ಲು.” ಬರೀ ಚಿತ್ರಗಳಿಂದ ತೊಂದರೆ ಇಲ್ಲ, ಬೇಕಿದ್ದರೆ ಇಟ್ಟುಕೊಳ್ಳಿ ಎಂದು ಗೆಳತಿ ಹೇಳಿದ್ದಳು. ಅದನ್ನು ಅತ್ತೆಗೂ ಹೇಳಿದೆ. ಅವರು ಬೇಡವೆಂದು ತಲೆಯಾಡಿಸಿದರು.

“ನೋಡಿದ್ದ ನೋಡೀನಿ. ಇಟ್ಟ ಏನ ಮಾಡೂದೈತಿ? ಎಲ್ಲಾ ತಗಿ.”

ಆದರೆ ನನ್ನ ಕೈ ಮುಂದೆ ಹೋಗಲಿಲ್ಲ. ಕೆಂಪು ದೋಣಿಯ ಚಿತ್ರವೊಂದನ್ನಾದರೂ ಇಟ್ಟುಕೊಳ್ಳೋಣ ಅನ್ನಿಸುತ್ತಿತ್ತು. ಅತ್ತೆ ನನ್ನ ಮುಖ ನೋಡಿದರು, ಹತ್ತಿರ ಸರಿದರು. “ಯಾವ ಗುಂಡಿ, ತೋರಸ.” ತೋರಿಸಿದೆ. ಬಾತ ಬೆರಳಿನಿಂದ ಮೆಲ್ಲಗೆ, ಮಲಗಿದ ಕೂಸನ್ನು ಮುಟ್ಟುವ ಹಾಗೆ ಒತ್ತಿದರು. ಪರದೆಯ ಮೇಲಿನ ಕಸದ ಬುಟ್ಟಿಯನ್ನೂ ಅವರ ಕೈಯಿಂದಲೇ ಖಾಲಿ ಮಾಡಿಸಿದೆ. ಕಂಪ್ಯೂಟರನ್ನು ಒಮ್ಮೆ ಆರಿಸಿ ಮತ್ತೆ ಹಚ್ಚಿದೆ, ಇನ್ನೊಮ್ಮೆಯೂ ನೋಡಿದೆ. ಯಾವ ನೀರೂ ಬರಲಿಲ್ಲ. ನಾನಿಟ್ಟ ಚುಕ್ಕಿ ಇಟ್ಟ ಕೂಡಲೇ ಮೂಡಿತು.

ಅಷ್ಟರಲ್ಲಿ ಕರೆಂಟು ಹೋಯಿತು. ಮಗ್ಗಗಳು ಒಟ್ಟಿಗೇ ನಿಂತವು. ಓಣಿಗೆ ಓಣಿಯೇ ನಿಶ್ಶಬ್ದವಾದಾಗ ರಬಕವಿ ನಮ್ಮೂರಲ್ಲ, ಇನ್ಯಾವುದೋ ಊರು ಅನ್ನಿಸುತ್ತದೆ. ಕಿಟಕಿಯ ಬಿಸಿಲಿನಲ್ಲಿ ನೂಲಿನ ಧೂಳು ನಿಧಾನಕ್ಕೆ ತೇಲುತ್ತಿತ್ತು. ಅತ್ತೆ ಗೋಡೆಗೊರಗಿ ಮೆಲುದನಿಯಲ್ಲಿ ಮಾತು ತೆಗೆದರು.

“ಚಿಕ್ಕಪಡಸಲಗಿ ಊರಾಗ ಹೊಳಿಗಿ ಅಡ್ಡ ರೈತ್ರ ಕೂಡಿ ಒಡ್ಡ ಕಟ್ಟಿದ್ರಲ್ಲ, ಆಗ ನಾ ತವರಮನಿಯಾಗ ಇದ್ದೆ. ಕೆಲಸದವ್ರಿಗೆ ರೊಟ್ಟಿ ಹೊತ್ಕೊಂಡ ಹೋಗ್ತಿದ್ವಿ. ಮೊದಲ್ನೇ ಸಲ ನೀರ ನಿಂತಾಗ ನೋಡಾಕ ಹೋದೆ. ಅಷ್ಟ ನೀರ ಒಂದ ಕಡೆ ಸುಮ್ಮನ ನಿಂತಿದ್ದ ನಾ ಕಂಡಿದ್ದಿಲ್ಲ. ರೊಟ್ಟಿಗಂಟ ಮಗ್ಗಲಕ ಇಟ್ಟ ಕುಂತೆ ನೋಡ, ಯಾರ ಕರದ್ರೂ ಕೇಳಸಲಿಲ್ಲ. ಆಗ ಹಿಂದಿಂದ...”

ಕರೆಂಟು ಬಂತು. ಮಗ್ಗಗಳೆಲ್ಲ ಒಮ್ಮೆಲೇ ಹೊರಳಿ, ಆ ಸದ್ದಿನಲ್ಲಿ ಅವರ ದನಿ ಮುಳುಗಿತು. ಅತ್ತೆ ಮಾತು ನಿಲ್ಲಿಸಲಿಲ್ಲ. ಅವರ ತುಟಿ ಆಡುತ್ತಿತ್ತು, ಕೈಯಿಂದ ಗಾಳಿಯಲ್ಲಿ ಅಗಲವಾಗಿ ಏನನ್ನೋ ತೋರಿಸುತ್ತಿದ್ದರು. ಏನಂದಿರಿ ಎಂದು ನಾನು ಕೇಳಲಿಲ್ಲ. ಅವರು ಹೇಳಿ ಮುಗಿಸುವವರೆಗೂ ನೋಡುತ್ತ ಕೂತೆ.