ಓದದೆ ಬಿಟ್ಟ ಪುಟ

ಸತ್ಯವೇದದ ಒಂದು ಮಾತನ್ನು ಓದಿ, ಅದರ ಜೊತೆಗೇ ಓದಬೇಕಾಗಿದ್ದ ಇನ್ನೊಂದು ಮಾತನ್ನು ಓದದೆ ಬಿಟ್ಟು, ನಾನು ಒಬ್ಬ ಹೆಣ್ಣುಮಗಳ ಸಂಸಾರ ಒಡೆದೆ. ಮರೆತು ಬಿಟ್ಟದ್ದಲ್ಲ. ತಿಳಿಯದೆ ಬಿಟ್ಟದ್ದೂ ಅಲ್ಲ. ಆ ಮಾತು ಎಲ್ಲಿದೆ, ಪುಟದ ಯಾವ ಮಗ್ಗುಲಲ್ಲಿದೆ ಎಂಬುದೂ ನನಗೆ ಗೊತ್ತಿತ್ತು — ಗೊತ್ತಿದ್ದೇ ಪುಸ್ತಕ ಮುಚ್ಚಿದೆ.

ಆಕೆಯ ಹೆಸರು ಮಾಳಮ್ಮ. ಗಂಡ ಬೀರಪ್ಪ. ಹಾಲಹರವಿ ಕಡೆಯ ಒಂದು ಹಳ್ಳಿಯಲ್ಲಿ ಕುರಿ ಸಾಕಿಕೊಂಡು, ಕಂಬಳಿ ನೇಯ್ದುಕೊಂಡು ಇದ್ದವರು. ನಾನು ಆ ಊರಿನ ಸಣ್ಣ ಕ್ರೈಸ್ತ ಸಭೆಗೆ ಉಪದೇಶಿ. ಭಾನುವಾರ ಪ್ರಾರ್ಥನೆ ನಡೆಸುವುದು, ಓದು ಬಾರದವರಿಗೆ ಸತ್ಯವೇದ ಓದಿ ಅರ್ಥ ಹೇಳುವುದು ನನ್ನ ಕೆಲಸ. ಎರಡನೆಯ ದೊಡ್ಡ ಯುದ್ಧ ಶುರುವಾಗುವುದಕ್ಕೆ ಕೆಲವು ವರ್ಷ ಮೊದಲಿನ ಸಂಗತಿ ಇದು. ಸಭೆಯಲ್ಲಿ ಅಕ್ಷರ ಬಲ್ಲವನು ನಾನೊಬ್ಬನೇ. ಹಾಗಾಗಿ ಪುಸ್ತಕದಲ್ಲಿ ಏನಿದೆ ಎಂದರೆ, ನಾನು ಓದಿದ್ದು ಇದೆ; ನಾನು ಓದದ್ದು ಇಲ್ಲ.

ನಾನು ಆ ಕೆಲಸಕ್ಕೆ ಬಂದ ಬಗೆಯನ್ನೂ ಹೇಳಬೇಕು. ನನ್ನನ್ನು ಕಾಪಾಡಿಕೊಳ್ಳಲು ಅಲ್ಲ — ಅದಿಲ್ಲದೆ ನನ್ನ ತಪ್ಪಿನ ಆಳ ತಿಳಿಯುವುದಿಲ್ಲ.

ನಮ್ಮದು ಆದೋನಿಯ ವೈಷ್ಣವ ಮನೆತನ. ತಂದೆ ಪುರಾಣ ಹೇಳುತ್ತಿದ್ದರು, ತರ್ಕ ಓದಿದ್ದರು. ಒಂದು ಮಾತು ಸಿಕ್ಕರೆ ಅದನ್ನು ಹೇಗೆ ಹಿಡಿಯಬೇಕು, ಹೇಗೆ ತಿರುವಬೇಕು ಎಂಬುದನ್ನು ನನಗೆ ಚಿಕ್ಕಂದಿನಲ್ಲೇ ಕಲಿಸಿದರು. ಅದೇ ತರ್ಕ ಹಿಡಿದುಕೊಂಡು ನಾನು ಸತ್ಯವೇದದಲ್ಲಿ ತಪ್ಪು ಹುಡುಕಲು ಕೂತೆ. ಹುಡುಕುತ್ತ ಹುಡುಕುತ್ತ ಅದರೊಳಗೇ ಉಳಿದೆ. ದೀಕ್ಷಾಸ್ನಾನ ಪಡೆದೆ. ಆಗ ನನಗೆ ಮದುವೆಯಾಗಿತ್ತು. ಹೆಂಡತಿ ಪದ್ಮಾವತಿ. ವಿಷಯ ತಿಳಿದ ಕೂಡಲೆ ಅವಳ ತಂದೆ ಆಲೂರಿನಿಂದ ಗಾಡಿ ಕಟ್ಟಿಕೊಂಡು ಬಂದು ಮಗಳನ್ನು ಕರೆದುಕೊಂಡು ಹೋದರು. ನಾನು ಬೀದಿಯಲ್ಲಿ ನಿಂತಿದ್ದೆ. ಅವಳು ಗಾಡಿ ಹತ್ತುವ ಮುಂಚೆ ಒಂದು ಸಲ ನನ್ನ ಕಡೆ ನೋಡಿದಳು. ನಾನು ಏನೂ ಕೇಳಲಿಲ್ಲ, ಅವಳು ಏನೂ ಹೇಳಲಿಲ್ಲ. ಆಮೇಲೆ ಮಾವನವರು ನನ್ನ ಹೆಸರಿನಲ್ಲಿ ಗಡಿಗೆ ಒಡೆಸಿ, ಬದುಕಿದ್ದವನಿಗೆ ಎಳ್ಳುನೀರು ಬಿಟ್ಟರೆಂದು ಕೇಳಿದೆ. ಅವಳು ಕುಂಕುಮ ಅಳಿಸಿಕೊಂಡಳೆಂದೂ ಕೇಳಿದೆ.

ಸತ್ಯವೇದದಲ್ಲಿ, ಪೌಲ ಕೊರಿಂಥದ ಸಭೆಗೆ ಬರೆದ ಪತ್ರದಲ್ಲಿ, ಇಂಥವರಿಗಾಗಿ ಒಂದು ಮಾತಿದೆ. ನಂಬದ ಹೆಂಡತಿ ತಾನಾಗಿ ಅಗಲಿಹೋದರೆ ಹೋಗಲಿ, ನಂಬಿದವನಿಗೆ ಅಲ್ಲಿ ಕಟ್ಟಿಲ್ಲ ಎಂದು ಅದರ ತಾತ್ಪರ್ಯ. ನಾನು ಆ ಮಾತನ್ನು ಎಷ್ಟು ಸಲ ಓದಿಕೊಂಡೆನೋ. ಅದರ ಮೇಲೆ, ಕೆಲವೇ ಸಾಲುಗಳ ಹಿಂದೆ, ಇನ್ನೊಂದು ಮಾತಿದೆ — ಅಂಥ ಹೆಂಡತಿ ಜೊತೆಯಲ್ಲಿ ಬಾಳಲು ಒಪ್ಪಿದರೆ ಅವಳನ್ನು ಬಿಡಕೂಡದು. ಅದು ನನಗೆ ಸಂಬಂಧಿಸಿದ್ದಲ್ಲ ಎಂದುಕೊಂಡೆ. ಅವಳು ಹೋದಳಲ್ಲ...

ಬೀರಪ್ಪ ಸಭೆಗೆ ಬಂದದ್ದು ತರ್ಕದಿಂದಲ್ಲ. ಸಂತೆಯ ದಿನ ನಾನು ಮರದ ಕೆಳಗೆ ನಿಂತು, ತಪ್ಪಿಸಿಕೊಂಡ ಒಂದು ಕುರಿಗಾಗಿ ಉಳಿದ ಹಿಂಡನ್ನೇ ಬಿಟ್ಟು ಹೊರಟ ಕುರುಬನ ಕಥೆ ಓದುತ್ತಿದ್ದೆ. ಅವನು ಹೆಗಲ ಮೇಲಿನ ಕಂಬಳಿ ಕೆಳಗಿಟ್ಟು ಕೂತು ಕೇಳಿದ. ಮುಗಿದ ಮೇಲೆ ತಲೆ ಅಲ್ಲಾಡಿಸಿದ.

"ಹಂಗ ಯಾವ ಕುರುಬನೂ ಮಾಡಂಗಿಲ್ರಿ ಆಚಾರ್ರೇ. ಹಿಂಡು ಬಿಟ್ಟು ಹೋದ್ರ ತೋಳ ಬಿಡ್ತೈತೇನು?"

ನಾನು ಹಿಂದಿನ ಪಂಡಿತರ ವ್ಯಾಖ್ಯಾನಗಳನ್ನೆಲ್ಲ ನೆನಪಿಸಿಕೊಂಡು ಉತ್ತರ ಕೊಡಲು ಬಾಯಿ ತೆರೆಯುವಷ್ಟರಲ್ಲಿ ಅವನೇ ಅಂದ:

"ಆದ್ರೂ ಹೋದ ಅಂದ್ರ, ಅವ ಮನಿಷಾ ಅಲ್ಲ ಬಿಡ್ರಿ. ದೇವ್ರ ಇರಬೇಕು."

ನಾನು ವರ್ಷಗಟ್ಟಲೆ ಓದಿ ಬಂದ ಜಾಗಕ್ಕೆ ಅವನು ಒಂದು ಸಂತೆಯಲ್ಲಿ ಬಂದ. ನನಗೆ ಸಂತೋಷವಾಯಿತು. ಒಳಗೆ ಎಲ್ಲೋ ಸ್ವಲ್ಪ ಚುಚ್ಚಿತು ಕೂಡ.

ಮಾಳಮ್ಮ ಮಾತ್ರ ದೀಕ್ಷಾಸ್ನಾನಕ್ಕೆ ಒಪ್ಪಲಿಲ್ಲ. ಆಕೆಯದು ಸಿಟ್ಟಲ್ಲ, ಹಟವೂ ಅಲ್ಲ. ನಾನು ಒಂದು ದಿನ ಕೇಳಿದಾಗ ಹೀಗೆ ಅಂದಳು: "ಅವ ಹಿಡಿದ ದಾರಿ ಅವಂದ್ರಿ, ನಾ ಯಾಕ ಅಡ್ಡ ಬರ್ಲಿ? ಆದ್ರ ನಮ್ಮತ್ತಿ ಸಾಯೋ ಮುಂದ ಮನಿ ದೇವ್ರನ್ನ ನನ್ನ ಕೈಯಾಗ ಕೊಟ್ಟು ಹೋಗ್ಯಾಳ. ನಾ ಕೈ ಬಿಟ್ರ ಅದು ಎಲ್ಲಿಗೆ ಹೋಗ್ಬೇಕು?" ನನ್ನ ತರ್ಕದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಇರಲಿಲ್ಲ ಎಂಬುದನ್ನು ಆಗ ಒಪ್ಪಿಕೊಳ್ಳಲಿಲ್ಲ.

ಒಂದು ಮಧ್ಯಾಹ್ನ ಅವರ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಜೋಳದ ರೊಟ್ಟಿ, ಪುಂಡಿ ಪಲ್ಯ. ಬೀರಪ್ಪ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದ. ಅವನದು ಉದ್ದನೆಯ ಪ್ರಾರ್ಥನೆ, ಹೆಸರು ಹೇಳಿ ಹೇಳಿ ಒಂದೊಂದು ಕುರಿಗೂ ಬೇಡಿಕೊಳ್ಳುತ್ತಿದ್ದ. ಅಷ್ಟು ಹೊತ್ತೂ ಮಾಳಮ್ಮ ರೊಟ್ಟಿ ಮುರಿಯದೆ ಕಾದಳು. ಅವನು ಕಣ್ಣು ತೆರೆದ ಮೇಲೆ ಎದ್ದು, ಮೂಲೆಯ ದೇವರ ಮುಂದಿನ ಭಂಡಾರದ ಅರಿಶಿನ ಹಣೆಗೆ ಹಚ್ಚಿಕೊಂಡು ಬಂದು ಕೂತಳು. "ನಿನ್ನ ದೇವ್ರು ಭಾಳ ಹೊತ್ತು ಮಾತಾಡಿಸ್ತಾನ ನೋಡು, ರೊಟ್ಟಿ ಆರಿ ಹೋತು" ಎಂದಳು. ಅವನು ನಕ್ಕ. ಅವಳೂ ನಕ್ಕಳು. ನಾನು ಅರ್ಧ ರೊಟ್ಟಿ ಬಿಟ್ಟು ಕೈ ತೊಳೆದೆ.

ಇಲ್ಲೇ ನನ್ನ ತಪ್ಪಿನ ಬೇರು ಇದೆ. ಈ ಕುರುಬನಿಗೆ ಕರ್ತನೂ ಸಿಕ್ಕ, ಹೆಂಡತಿಯೂ ಉಳಿದಳು. ನಾನು ಒಂದಕ್ಕಾಗಿ ಇನ್ನೊಂದನ್ನು ಕಳೆದುಕೊಂಡೆ. ಹೀಗೂ ಬಾಳಬಹುದು ಎಂದಾದರೆ — ನಾನು ಕಳೆದುಕೊಂಡದ್ದು ದೇವರಿಗಾಗಿ ಅಲ್ಲ, ಅಂದು ಬೀದಿಯಲ್ಲಿ ಅವಳನ್ನು ಕೇಳದೆ ಬಾಯಿ ಮುಚ್ಚಿಕೊಂಡು ನಿಂತದ್ದಕ್ಕಾಗಿ ಎಂದಾಗುತ್ತದೆ. ಆ ಮಾತು ನಾನು ಅಂದು ಇಷ್ಟು ಸ್ಪಷ್ಟವಾಗಿ ಅಂದುಕೊಳ್ಳಲಿಲ್ಲ. ಆದರೆ ಆ ಭಾರ ಹೊತ್ತುಕೊಂಡೇ ಅವರ ಮನೆಯಿಂದ ಎದ್ದು ಬಂದೆ.

ಅಷ್ಟರಲ್ಲಿ ಸಭೆಯಲ್ಲಿ ಗೊಣಗಾಟ ಶುರುವಾಗಿತ್ತು. ವಿಗ್ರಹ ಇರುವ ಮನೆಯವನು, ಸಭೆಯವರೆಲ್ಲ ರೊಟ್ಟಿ ಮುರಿದು ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಕೂರಬಹುದೇ ಎಂದು. ಒಂದು ಭಾನುವಾರ ಬೀರಪ್ಪನೇ ಎದ್ದು ನಿಂತ. ಮಾಳಮ್ಮನೂ ಬಂದು ಬಾಗಿಲ ಬಳಿ ನಿಂತಿದ್ದಳು.

"ನನಗ ಯಾರ ಮಾತೂ ಬ್ಯಾಡ್ರಿ ಆಚಾರ್ರೇ. ಪುಸ್ತಕದಾಗ ಏನೈತಿ ಅದನ್ನ ಓದ್ರಿ. ಹಂಗ ನಡೀತೀನಿ."

ನಾನು ಪುಸ್ತಕ ತೆರೆದೆ. ಅದೇ ಪೌಲ ಅದೇ ಕೊರಿಂಥದವರಿಗೆ ಇನ್ನೊಂದು ಸಲ ಬರೆದದ್ದರಲ್ಲಿ, ನಂಬದವರ ಜೊತೆ ಒಂದೇ ನೊಗಕ್ಕೆ ಹೆಗಲು ಕೊಡಬೇಡಿ ಎಂಬ ಅರ್ಥದ ಮಾತಿದೆ. ಅಲ್ಲಿ ಗಂಡಹೆಂಡಿರ ಪ್ರಸ್ತಾಪವೇ ಇಲ್ಲ. ಅದನ್ನು ಮದುವೆಗೆ ಹಚ್ಚುವವರು ಇದ್ದಾರೆ. ಹಚ್ಚಿದರೂ ಮುಂದೆ ಆಗಬೇಕಾದ ಮದುವೆಗೆ, ಆಗಿಹೋದದ್ದಕ್ಕಲ್ಲ. ಇದೆಲ್ಲ ನನಗೆ ಗೊತ್ತಿತ್ತು. ನಾನು ಅದನ್ನು ನಿಧಾನವಾಗಿ ಓದಿದೆ. ಎತ್ತನ್ನೂ ಕತ್ತೆಯನ್ನೂ ಒಂದೇ ನೇಗಿಲಿಗೆ ಹೂಡುವರೇ ಎಂದು ಅರ್ಥ ಬಿಡಿಸಿದೆ. ನೊಗ ಕಂಡ ಜನ, ಎಲ್ಲರಿಗೂ ತಟ್ಟಿತು.

ಬಾಗಿಲ ಬಳಿಯಿಂದ ಮಾಳಮ್ಮನ ದನಿ ಬಂತು.

"ಅಷ್ಟ ಐತೇನ್ರಿ? ಮತ್ತ ಬ್ಯಾರೆ ಏನೂ ಇಲ್ಲೇನು ಅದರಾಗ?"

ಸಭೆ ನನ್ನ ಕಡೆ ನೋಡುತ್ತಿತ್ತು. ಕೆಲವು ಹಾಳೆ ಹಿಂದಕ್ಕೆ ತಿರುವಿದ್ದರೆ ಸಾಕಿತ್ತು.

"ಅಷ್ಟೇ" ಎಂದೆ. ಪುಸ್ತಕ ಮುಚ್ಚಿದೆ.

ಆ ವಾರವೇ ಮಾಳಮ್ಮ ಕೋಸಗಿಯಲ್ಲಿದ್ದ ಅಣ್ಣಂದಿರ ಮನೆಗೆ ಹೋದಳು. ಜಗಳವಾಗಲಿಲ್ಲ. ಬೀರಪ್ಪ ಹೇಳಿದ, ಆಕೆ ಕೇಳಿದಳು. ಮನೆದೇವರನ್ನು ಹಳದಿ ಬಟ್ಟೆಯಲ್ಲಿ ಕಟ್ಟಿ ಸೊಂಟದ ಮೇಲಿಟ್ಟುಕೊಂಡು ಹೋದಳಂತೆ. ಅವರಿಗೆ ಮಕ್ಕಳಿರಲಿಲ್ಲ. ದೊರೆಗಳು — ನಮ್ಮ ಮೇಲಿನ ಬಿಳಿಯ ಪಾದ್ರಿಗಳನ್ನು ಹಾಗೆ ಕರೆಯುತ್ತಿದ್ದೆವು — ಮುಂದಿನ ಸಲ ಬಂದಾಗ ಬೀರಪ್ಪನ ಹೆಂಡತಿ ಎಲ್ಲಿ ಎಂದು ಕೇಳಿದರು. "ತವರಿಗೆ ಹೋಗಿದ್ದಾಳೆ" ಎಂದೆ. ಅದು ಸುಳ್ಳಲ್ಲ. ಆದರೆ ನಿಜವೂ ಅಲ್ಲ.

ಮರುವರ್ಷ ಬೀರಪ್ಪ ಕಂಬಳಿ ಮಾರಲು ಆದೋನಿಗೆ ಹೋದ. ಭಾನುವಾರ ಅಲ್ಲೇ ಉಳಿದು ತೆಲುಗು ಪ್ರಾರ್ಥನೆಗೆ ಕೂತ. ನಮ್ಮ ಕಡೆಯವರಿಗೆ ಎರಡೂ ಭಾಷೆ ಒಂದೇ. ಊರಿಗೆ ಬಂದವನು ಕಂಬಳಿ ಗಂಟು ಇಳಿಸುವುದಕ್ಕೂ ನಿಲ್ಲದೆ ನೇರ ನನ್ನ ಮನೆಗೆ ಬಂದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಆಸೆ ಇತ್ತು.

"ಆಚಾರ್ರೇ, ಅಲ್ಲಿ ಪಾದ್ರಿಗಳು ಓದಿದ್ರು. ನಂಬದಿದ್ರೂ ಹೆಂಡ್ತಿ ಜೊತಿ ಇರ್ತೀನಿ ಅಂದ್ರ 'ವಿಡಿಚಿಪೆಟ್ಟಕೂಡದು' ಅಂತ ಐತ್ರಿ, ಬಿಡಬಾರದು ಅಂತ. ತೆಲುಗು ಪುಸ್ತಕದಾಗ ಐತಿ. ನಮ್ಮ ಕನ್ನಡ ಪುಸ್ತಕದಾಗ ಅದು ಇಲ್ಲೇನ್ರಿ?"

ನಾನು ಮುಚ್ಚಿಟ್ಟಿರಬಹುದು ಎಂಬ ಸಂಶಯ ಅವನಿಗೆ ಬರಲೇ ಇಲ್ಲ. ಪುಸ್ತಕದ ಮೇಲೆ ಸಂಶಯ ಬಂತು, ನನ್ನ ಮೇಲೆ ಬರಲಿಲ್ಲ. ಆ ಹೊತ್ತಿಗೆ ಮಾಳಮ್ಮ ಇನ್ನೂ ಅಣ್ಣಂದಿರ ಮನೆಯಲ್ಲೇ ಇದ್ದಳು. ಹೌದು, ಇದೆ, ಹೋಗಿ ಕರೆದುಕೊಂಡು ಬಾ — ಎಂದಿದ್ದರೆ ಅವನು ಅದೇ ಗಂಟು ಹೊತ್ತು ಕೋಸಗಿಯ ದಾರಿ ಹಿಡಿಯುತ್ತಿದ್ದ.

"ಇದೆ ಬೀರಪ್ಪ" ಎಂದೆ. "ಆದರೆ ಅದರ ಅರ್ಥ ಬೇರೆ. ಒಬ್ಬೊಬ್ಬರು ಒಂದೊಂದು ರೀತಿ ಅರ್ಥ ಮಾಡುತ್ತಾರೆ. ಅದು ಆ ಕಾಲದ ಆ ಊರಿನವರಿಗೆ ಹೇಳಿದ್ದು. ನಿನಗೆ ನಾನು ಹೇಳಿದ್ದೇ ಸರಿ."

ಮೊದಲ ಸಲ ಇದ್ದದ್ದನ್ನು ಮುಚ್ಚಿಟ್ಟೆ, ಎರಡನೆಯ ಸಲ ಅದರ ಅರ್ಥವನ್ನೇ ತಿರುಚಿದೆ. ಎರಡನೆಯದು ಹೆಚ್ಚು ಕೆಟ್ಟದ್ದು. ಒಂದು ವಾಕ್ಯಕ್ಕೆ ಹಲವು ಅರ್ಥ ಇರುತ್ತವೆ, ನಿಜ. ಪ್ರಾಮಾಣಿಕರು ಅದರ ಬಗ್ಗೆ ಜೀವಮಾನವೆಲ್ಲ ವಾದ ಮಾಡುತ್ತಾರೆ. ನಾನು ಆ ನಿಜವನ್ನು ತಂದು ನನ್ನ ಸುಳ್ಳಿಗೆ ಹೊದಿಸಿದೆ. ನನ್ನ ತಂದೆ ಕಲಿಸಿದ ತರ್ಕ ಇದಕ್ಕೆ ಬಳಕೆಯಾಯಿತು.

ಅವನು ಕಂಬಳಿ ಗಂಟನ್ನು ಹೆಗಲ ಮೇಲೆ ಸರಿಮಾಡಿಕೊಂಡ. "ನಿಮಗ ತಿಳಿದಷ್ಟು ನಮಗೆಲ್ಲಿ ತಿಳೀತೈತ್ರಿ" ಎಂದು ಹೊರಟುಹೋದ. ಮುಂದಿನ ಸುಗ್ಗಿಯ ಹೊತ್ತಿಗೆ ಮಾಳಮ್ಮನನ್ನು ಅಣ್ಣಂದಿರು ಉಡಿಕೆ, ಅಂದರೆ ಮರುಮದುವೆ, ಮಾಡಿ ಕೋಸಗಿಯಲ್ಲೇ ಇನ್ನೊಬ್ಬನಿಗೆ ಕೊಟ್ಟರೆಂಬ ಸುದ್ದಿ ಬಂತು.

ಆಮೇಲೆ ಬೀರಪ್ಪ ಬದಲಾದ. ಅವನ ಪ್ರಾರ್ಥನೆ ಗಿಡ್ಡವಾಯಿತು. ಸಭೆಯ ಹಿರಿಯನಾದ, ಎಲ್ಲರಿಗಿಂತ ಬಿಗಿಯಾದ. ಯುದ್ಧದ ವರ್ಷಗಳಲ್ಲಿ ಒಬ್ಬ ಹುಡುಗಿ ಸಭೆಗೆ ಸೇರಿದಳು, ರತ್ನಮ್ಮ ಎಂದು. ಅವಳ ಗಂಡ ಊರ ಹನುಮಪ್ಪನ ಗುಡಿಯಲ್ಲಿ ಡೊಳ್ಳು ಬಾರಿಸುವವನು. ಬೀರಪ್ಪ ಎಲ್ಲರ ಮುಂದೆ ಅವಳಿಗೆ ನೊಗದ ಮಾತು ಹೇಳಿದ, ಗಂಡನನ್ನು ಬಿಟ್ಟು ಬರಬೇಕೆಂದ. ನನ್ನದೇ ಮಾತುಗಳು, ನನ್ನದೇ ಎತ್ತು, ನನ್ನದೇ ಕತ್ತೆ. ಆ ಹುಡುಗಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ನನ್ನ ಕಡೆ ತಿರುಗಿದಳು. "ಪುಸ್ತಕ ನೋಡಿ ಹೇಳ್ರಿ ಆಚಾರ್ರೇ" ಎಂದಳು.

ಆ ದಿನ ಓದಿದೆ. ಬಿಡಕೂಡದು ಎಂಬುದನ್ನು, ಗಂಡನಿಗೂ ಹೆಂಡತಿಗೂ ಹೇಳಿದ್ದನ್ನು, ಮೊದಲಿನಿಂದ ಕೊನೆಯವರೆಗೆ. ಧೈರ್ಯ ಬಂದು ಓದಿದ್ದಲ್ಲ. ಅದೇ ಮಾತು ಇನ್ನೊಬ್ಬನ ಬಾಯಿಂದ ಕೇಳಿದಾಗ ತಡೆಯಲಾಗಲಿಲ್ಲ, ಅಷ್ಟೆ.

ಬೀರಪ್ಪ ಎದ್ದು ನನ್ನ ಹತ್ತಿರ ಬಂದ. ಓದು ಬಾರದವನು ಆ ಪುಟವನ್ನು ನೋಡುತ್ತ ನಿಂತ.

"ಇದು ಆಗ್ಗೂ ಇತ್ತೇನ್ರಿ?"

"ಇತ್ತು."

"ತೆಲುಗಿನವರು ಓದಿದ್ದು ಇದನ್ನೇನ್ರಿ?"

"ಇದನ್ನೇ. ಅರ್ಥವೂ ಇದೇ. ನಿನಗೆ ಸುಳ್ಳು ಹೇಳಿದೆ."

ಅವನು ಹೊಡೆಯುತ್ತಾನೆ ಎಂದುಕೊಂಡೆ. ಹೊಡೆಯಲಿಲ್ಲ. ರತ್ನಮ್ಮನ ಕಡೆ ತಿರುಗಿ, "ಮನಿಗೆ ಹೋಗವ್ವ, ಗಂಡ ಹಾದಿ ನೋಡ್ತಿರ್ತಾನ" ಎಂದ. ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಗೆ ನಡೆದ. ಸಭೆಗೆ ಬರುವುದನ್ನು ಬಿಡಲಿಲ್ಲ. ನನ್ನ ಜೊತೆ ಮಾತಾಡುವುದನ್ನು ಬಿಟ್ಟ. ನಾನು ದೊರೆಗಳಿಗೆ ಎಲ್ಲ ಹೇಳಿ ಉಪದೇಶಿಯ ಕೆಲಸ ಬಿಟ್ಟೆ.

ಆ ಬೇಸಿಗೆಯಲ್ಲಿ ಕೋಸಗಿಗೆ ಹೋದೆ. ಮಾಳಮ್ಮ ಮನೆಯ ಮುಂದೆ ಉಣ್ಣೆ ಬಿಡಿಸುತ್ತ ಕೂತಿದ್ದಳು. ಗುರುತು ಹಿಡಿದು ಕಂಬಳಿ ಹಾಸಿದಳು. ನಾನು ನಿಂತೇ ಎಲ್ಲ ಹೇಳಿದೆ — ಓದಿದ್ದು, ಬಿಟ್ಟದ್ದು, ಆಮೇಲೆ ಹೇಳಿದ ಸುಳ್ಳು. ಆಕೆ ಕೈ ನಿಲ್ಲಿಸದೆ ಕೇಳಿದಳು.

"ಅವ ಹೋಗು ಅಂದಿದ್ಕ ನಾ ಹೋಗ್ಲಿಲ್ರಿ" ಎಂದಳು ಕೊನೆಗೆ. "ಅವನ ಕೂಡ ಜಗಳಾಡಿ ಉಳೀತಿದ್ದೆ. ನೀವು ಅಷ್ಟೇ ಅಂದ್ರಿ. ದೇವ್ರ ಪುಸ್ತಕ ಹಿಡಿದಾವ ಸುಳ್ಳು ಹೇಳ್ತಾನೇನು ಅಂತ ಎದ್ದು ಬಂದೆ."

ಕ್ಷಮಿಸು ಎಂದೆನೋ ಇಲ್ಲವೋ ನೆನಪಿಲ್ಲ. ಅಂದಿದ್ದರೂ ಆಕೆ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ತಲೆ ಎತ್ತಿ ಕೇಳಿದಳು.

"ನಿಮ್ಮ ಹೆಂಡ್ರು ಆಲೂರಾಗ ಅದಾರಂತಲ್ರಿ. ಬರ್ತೀಯೇನು ಅಂತ ನೀವು ಒಮ್ಮೆನಾರ ಕೇಳೀರೇನು?"

ಇಲ್ಲ ಎಂದೆ.

ಆಕೆ ಉಣ್ಣೆಯ ಕಡೆ ಬಗ್ಗಿದಳು. ನಾನು ಸ್ಟೇಷನ್ನಿಗೆ ನಡೆದೆ. ರೈಲಿನಲ್ಲಿ ಆದೋನಿಗೆ ಬಂದು, ಆಲೂರಿನ ಬಸ್ಸು ನಿಲ್ಲುವ ಕಡೆ ಹೋಗಿ ನಿಂತೆ. ಬಸ್ಸು ಬಂತು. ನಾನು ಹತ್ತಲಿಲ್ಲ. ನನ್ನನ್ನು ಕಂಡು ಅವಳು ಬರುತ್ತೇನೆ ಎಂದುಬಿಟ್ಟರೆ, ಇಷ್ಟು ವರ್ಷ ಅವಳು ವಿಧವೆಯಾಗಿ ಕೂತದ್ದು ಯಾಕೆ ಎಂಬುದಕ್ಕೆ ನಾನು ಉತ್ತರ ಕೊಡಬೇಕಾಗುತ್ತಿತ್ತು. ಈಗ ಅವಳಿಲ್ಲ. ಕೇಳಿದ್ದರೆ ಏನನ್ನುತ್ತಿದ್ದಳೋ — ಅದು ಯಾವ ಪುಸ್ತಕದಲ್ಲೂ ಇಲ್ಲ.