ಆರು ಸಲ ಸಿಕ್ಕ ಚಿನ್ನ

ಚಳಿಗಾಲ ಶುರುವಾದರೆ ಪರ್ತ್‌ನಿಂದ ಕಾರವಾನ್ ಮನೆಗಾಡಿ ಎಳೆದುಕೊಂಡು ನನ್ನ ಅಂಗಡಿ ಮುಂದೆ ನಿಲ್ಲುವವನು ಮುದುಕ ಕ್ಲೈವ್. ಚಿನ್ನ ಹುಡುಕುವ ಯಂತ್ರಕ್ಕೆ ಬ್ಯಾಟರಿ ಕೊಳ್ಳುತ್ತಾನೆ. ಎಲ್ಲಿ ಅಗೆಯುತ್ತೀ ಎಂದರೆ ಉತ್ತರಕ್ಕೆ ಗದ್ದ ತೋರಿಸಿ ದಕ್ಷಿಣಕ್ಕೆ ಹೊರಡುತ್ತಾನೆ. ದಿನವಿಡೀ ಕೆಂಪು ಮಣ್ಣು ಕೆದಕಿ ಅವನು ತರುವುದು ಬಿಯರ್ ಬಾಟಲಿಯ ಮುಚ್ಚಳ, ತುಕ್ಕು ಮೊಳೆ. "ಇನ್ನೊಂದು ಗೇಣು ಕೆಳಗೇ ಇತ್ತು ಮಾರಾಯ!" ಎನ್ನುತ್ತಾನೆ. ಚಿನ್ನ ಸಿಗುವುದು ಜೊತೆಗೆ ಬರುವ ಹೆಂಡತಿ ನೊರೀನಳಿಗೆ ಮಾತ್ರ, ವರ್ಷಕ್ಕೊಂದು, ಹುಣಸೆ ಬೀಜದಷ್ಟು. ಅವಳು ಹಿಗ್ಗುತ್ತ ಅದನ್ನು ನನಗೆ ಮಾರುತ್ತಾಳೆ; ಮರುವರ್ಷ ಕ್ಲೈವ್ ಅದನ್ನೇ ಗುಟ್ಟಾಗಿ ಕೊಂಡು ಅವಳ ದಾರಿಯಲ್ಲಿ ಹೂಳುತ್ತಾನೆ. "ಏನೂ ಸಿಗ್ದೆ ಹೋದ್ರೆ ಮುಂದಿನ್ ವರ್ಷ ಮನೆ ಬಿಟ್ಟು ಹೊರಡಲ್ಲ ಕಣೋ ಅವಳು." ಒಂದೇ ಚಿನ್ನವನ್ನು ಆರು ಸಲ ಕೊಂಡ ವ್ಯಾಪಾರಿ ನಾನೊಬ್ಬನೇ ಇರಬೇಕು. ಈ ಸಲ ನೊರೀನ್ ಅದನ್ನು ತಕ್ಕಡಿಯಲ್ಲಿಟ್ಟು, ಹೊರಗೆ ಟೈರಿಗೆ ಗಾಳಿ ಹೊಡೆಯುತ್ತಿದ್ದ ಗಂಡನತ್ತ ನೋಡಿ ದನಿ ತಗ್ಗಿಸಿದಳು: "ಇಷ್ಟು ಆಳಕ್ಕೆ ಹೂಳ್ಬೇಡ ಅಂತ, ನೀನಾಗೇ ಹೇಳ್ದಂಗೆ ಅವನಿಗೆ ಹೇಳು ಕೀತ್. ನನ್ ಸೊಂಟ ಬಗ್ಗಲ್ಲ."