ಸಣ್ಣ ಕಲ್ಲಿನ ಪಂಡಿತ

ಮೂತ್ರಪಿಂಡದಲ್ಲಿ ಕಲ್ಲಾದವನು ಮೊದಲು ನರಳುತ್ತಾನೆ, ಆಮೇಲೆ ಪಂಡಿತನಾಗುತ್ತಾನೆ. ನಾನು ಎರಡೂ ಆದೆ. ನರಳಿದ್ದು ಹತ್ತೊಂಬತ್ತು ದಿನ. ಪಾಂಡಿತ್ಯ ಎರಡು ವರ್ಷ ಬಾಳಿತು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಡೊಂಬಿವಲಿಯ ಎರಡು ಕೋಣೆಯ ಮನೆಯಿಂದ ಥಾಣೆಯ ಕಾರ್ಖಾನೆಯೊಂದಕ್ಕೆ ನಕ್ಷೆ ಬರೆಯುವ ಕೆಲಸಕ್ಕೆ ಹೋಗಿಬರುತ್ತಿದ್ದೆ. ಒಂದು ಬೆಳಿಗ್ಗೆ ಲೋಕಲ್ ಗಾಡಿ ಮುಂಬ್ರಾ ದಾಟುತ್ತಿದ್ದಾಗ ಬಲಸೊಂಟದ ಹಿಂದೆ ಯಾರೋ ಇಕ್ಕಳ ಹಾಕಿ ತಿರುಚಿದಂತಾಯಿತು. ಆ ಹೊತ್ತಿನ ಗಾಡಿಯಲ್ಲಿ ಬಗ್ಗುವುದಕ್ಕೂ ಜಾಗವಿರುವುದಿಲ್ಲ. ನೆಟ್ಟಗೆ ನಿಂತೇ ನರಳಿದೆ. ಪಕ್ಕದವರು ನನ್ನ ಕಾಲು ತುಳಿದಿರಬೇಕೆಂದುಕೊಂಡು ಕ್ಷಮೆ ಕೇಳಿದರು. ಥಾಣೆಯ ಡಾಕ್ಟರು ಎಕ್ಸ್‌ರೇ ತೆಗೆಸಿ, ಗೋಧಿಕಾಳಿಗಿಂತ ಸಣ್ಣದೊಂದು ಬಿಳಿಚುಕ್ಕೆ ತೋರಿಸಿ, ಚೆನ್ನಾಗಿ ನೀರು ಕುಡಿದರೆ ತಾನಾಗಿ ಬೀಳುತ್ತದೆ ಎಂದು ನೋವಿನ ಗುಳಿಗೆ ಕೊಟ್ಟು ಕಳಿಸಿದರು.

ಇಷ್ಟು ಸರಳವಾದ ಮಾತನ್ನು ನಂಬುವುದು ನನ್ನ ಹೆಂಡತಿ ಶಾರದೆಗೆ ಕಷ್ಟವಾಯಿತು. ಅವಳು ನನ್ನನ್ನು ಪಕ್ಕದ ಊರಾದ ಕಲ್ಯಾಣಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಸ್ಟೇಷನ್ನಿನ ಬಳಿಯ ಉಡುಪಿ ಹೋಟೆಲೊಂದರ ಹಿಂದಿನ ಕೋಣೆಯಲ್ಲಿ ವಾಸುದೇವ ಭಟ್ಟರೆಂಬ ವಯಸ್ಸಾದ ವೈದ್ಯರು ಕೂರುತ್ತಿದ್ದರು. ಕುಂದಾಪುರದ ಕಡೆಯವರು. ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಜ್ವರ ಉಂಟಾ? ಮೂತ್ರ ಸರಿಯಾಗಿ ಹೋಗ್ತದಾ? ದಿನಕ್ಕೆ ಎಷ್ಟು ನೀರು ಕುಡಿಯೂದು?" ಎಂದು ಕೇಳಿದರು. ಮೂರನೆಯ ಪ್ರಶ್ನೆಗೆ ನಾನು ತಲೆ ತಗ್ಗಿಸಿದೆ. ಲೋಕಲ್ ಗಾಡಿಯಲ್ಲಿ ಪಾಯಿಖಾನೆ ಇಲ್ಲವೆಂದು ಬೆಳಿಗ್ಗೆ ಅರ್ಧ ಲೋಟ ಚಹಾದ ಮೇಲೆ ಹನಿ ನೀರೂ ಮುಟ್ಟದೆ ಹೊರಡುವ ಜಾಣ ನಾನು.

ಭಟ್ಟರು ನೆಗ್ಗಿಲುಮುಳ್ಳಿನ ಕಷಾಯ ಕೊಟ್ಟರು. ಹುರುಳಿ ಬೇಯಿಸಿದ ನೀರು, ಬಾಳೆದಿಂಡಿನ ಪಲ್ಯ, ಬಾರ್ಲಿ ಗಂಜಿ ಹೇಳಿದರು. ಉಪ್ಪಿನಕಾಯಿ, ಹಪ್ಪಳ ಬಿಡಿಸಿದರು. ಹುರುಳಿಯೇನೋ ಸುಲಭವಾಗಿ ಸಿಕ್ಕಿತು. ಬಾಳೆದಿಂಡು ಕೇಳಿದಾಗ ಮಾತ್ರ ತರಕಾರಿ ಮಾರುವ ಮಾವಶಿ ಶಾರದೆಯನ್ನು ಮೇಲೆ ಕೆಳಗೆ ನೋಡಿ, ಮನೆಯಲ್ಲಿ ಎಮ್ಮೆ ಸಾಕಿದ್ದೀರಾ ಎಂದು ಮರಾಠಿಯಲ್ಲಿ ವಿಚಾರಿಸಿದಳಂತೆ. ಹೌದೆಂದು ಹೇಳಿ ತಂದೆ ಎಂದು ಶಾರದೆ ನನ್ನ ತಟ್ಟೆಗೆ ಬಡಿಸಿದಳು.

ಹತ್ತೊಂಬತ್ತನೆಯ ದಿನ ಕಲ್ಲು ಬಿತ್ತು. ಡಾಕ್ಟರರ ನೀರಿನಿಂದಲೋ ಭಟ್ಟರ ಕಷಾಯದಿಂದಲೋ ಆ ಕಲ್ಲಿಗೇ ಗೊತ್ತು. ನಾನಂತೂ ಕೀರ್ತಿಯನ್ನು ಕಷಾಯಕ್ಕೆ ಕೊಟ್ಟು, ಅದರಲ್ಲಿ ದೊಡ್ಡ ಪಾಲನ್ನು ನಾನಿಟ್ಟುಕೊಂಡೆ. ಫುಟ್‌ಪಾತಿನಲ್ಲಿ ಹಳೆಯದೊಂದು ವೈದ್ಯಪುಸ್ತಕ ಕೊಂಡು, ಕಲ್ಲಿಗೆ ಅಶ್ಮರಿ ಎಂಬ ಗಂಭೀರ ಹೆಸರಿದೆಯೆಂದು ಕಂಡು ಇನ್ನಷ್ಟು ಉಬ್ಬಿದೆ. ಬಿಲ್ಡಿಂಗಿನವರು ಸೊಂಟ ಹಿಡಿದುಕೊಂಡರೆ ಸಾಕು, ನಮ್ಮ ಮನೆಯ ಬಾಗಿಲಿಗೆ ಬರತೊಡಗಿದರು. ನಾಲ್ಕೈದು ಜನರಿಗೆ ಗುಣವೂ ಆಯಿತು. ಅದೇ ತೊಂದರೆಯಾದದ್ದು.

ನಮ್ಮ ಬಿಲ್ಡಿಂಗಿನ ಹಿಂದೆ ಒಂಟಿಕೋಣೆಗಳ ಸಾಲಿನ ಚಾಳಿನಲ್ಲಿ ವಿಜಯಪುರದ ಕಡೆಯ ಶರಣಪ್ಪ ಇದ್ದ. ಭಿವಂಡಿಯ ಗೋದಾಮಿನಲ್ಲಿ ಬಟ್ಟೆಯ ಗಂಟು ಹೊರುವ ಕೆಲಸ. ಒಂದು ಬೇಸಿಗೆಯಲ್ಲಿ ಸೊಂಟ ಹಿಡಿದುಕೊಂಡು ಬಂದು, "ಸಾಹೇಬ್ರ, ನಿಮ್ಮ ಕಲ್ಲು ಹೆಂಗ ಬಿತ್ತು ಅದನ್ನ ನನಗೂ ಹೇಳ್ರಿ" ಎಂದ. ನಾನು ಎಕ್ಸ್‌ರೇ ಕೇಳಲಿಲ್ಲ, ಏನನ್ನೂ ಕೇಳಲಿಲ್ಲ. ನನ್ನಲ್ಲಿದ್ದ ಕಷಾಯದ ಪುಡಿ ಕೊಟ್ಟು, ಎರಡು ವಾರದಲ್ಲಿ ಬೀಳುತ್ತದೆ ಎಂದು ದಿನವನ್ನೂ ಗೊತ್ತುಮಾಡಿ ಕಳಿಸಿದೆ.

ನಾಲ್ಕನೆಯ ದಿನ, ಭಾನುವಾರ, ಅವನ ಹೆಂಡತಿ ಶಾಂತವ್ವ ಓಡಿಬಂದಳು. "ಚಳಿಜ್ವರ ಬಂದಾವ್ರಿ. ನಿನ್ನಿಯಿಂದ ಒಂದಕ್ಕ ಸೈತ ಸರಿ ಆಗವಲ್ದು" ಎಂದಳು. ನಾನು ಕಷಾಯವನ್ನು ಇಮ್ಮಡಿ ಮಾಡಬಹುದೆಂದು ಪುಸ್ತಕ ತೆರೆಯುತ್ತಿದ್ದೆ. ಶಾರದೆ ಅದನ್ನು ಕಸಿದುಕೊಂಡು, "ಇವತ್ತು ನಿಮ್ಮ ವಿದ್ಯೆ ಬೇಡ. ಭಟ್ರ ಹತ್ರ ಹೋಗುವ" ಎಂದಳು. ಶರಣಪ್ಪನನ್ನು ಹಿಡಿದುಕೊಂಡು ಕಲ್ಯಾಣಕ್ಕೆ ಹೋದೆವು.

ಭಟ್ಟರು ಔಷಧದ ಕಪಾಟಿನ ಕಡೆಗೆ ತಿರುಗಿಯೂ ನೋಡಲಿಲ್ಲ. ಅವನ ಹಣೆ ಮುಟ್ಟಿ, ಎರಡು ಮಾತು ಕೇಳಿ, ಚಪ್ಪಲಿ ಮೆಟ್ಟಿಕೊಂಡರು. "ರಿಕ್ಷಾ ಹಿಡೀರಿ. ಇದು ನನ್ನ ಕೆಲಸ ಅಲ್ಲ, ದೊಡ್ಡಾಸ್ಪತ್ರೆಯದ್ದು." ಆಸ್ಪತ್ರೆಯಲ್ಲಿ, ಕಲ್ಲು ದೊಡ್ಡದು, ಒಂದು ಕಡೆಯ ದಾರಿ ಪೂರ್ತಿ ಕಟ್ಟಿ ಕೀವಾಗಿದೆ, ಇನ್ನೊಂದು ದಿನ ತಡವಾಗಿದ್ದರೆ ಜೀವಕ್ಕೇ ಕಷ್ಟವಿತ್ತು ಎಂದರು. ಅವನನ್ನು ಒಳಗೆ ಕರೆದೊಯ್ದರು.

ಹೊರಗಿನ ಬೆಂಚಿನಲ್ಲಿ ಶಾಂತವ್ವ ನನ್ನ ಮುಖ ನೋಡಲಿಲ್ಲ. ನಾನು ಯಾರ ಮುಖವನ್ನೂ ನೋಡಲಿಲ್ಲ. ಶಾರದೆ ನನ್ನ ಪುಡಿ, ಪುಸ್ತಕದ ಕಥೆಯನ್ನೆಲ್ಲ ಹೇಳಿದ ಮೇಲೆ ಭಟ್ಟರು ಮೆಲ್ಲಗೆ ಹೇಳಿದರು: "ನಿಮ್ಮದು ಸಣ್ಣ ಕಲ್ಲು ಮಾರಾಯ್ರೆ. ಸಣ್ಣ ಕಲ್ಲು ಒಳ್ಳೆ ಶಿಷ್ಯ, ಯಾರು ಹೇಳಿದ್ರೂ ಕೇಳ್ತದೆ. ಅದರಿಂದ ಗುರುವಿಗೆ ಸೊಕ್ಕು ಬರ್ತದೆ. ನಿಮ್ಮ ಪುಸ್ತಕದಲ್ಲಿ ಕಷಾಯ ಮುಗಿದ ಮೇಲಿನ ಪುಟ ಓದಿದ್ದೀರಾ? ಕಷಾಯಕ್ಕೆ ಬಗ್ಗದ ಕಲ್ಲಿಗೆ ಶಸ್ತ್ರ ಅಂತ ಹಿಂದಿನವರೇ ಬರೆದಿಟ್ಟಿದ್ದಾರೆ."

ನಾನು ಓದಿರಲಿಲ್ಲ.

ಶರಣಪ್ಪ ಉಳಿದ. ನನ್ನ ವೈದ್ಯಕೀಯವೂ ಪೂರ್ತಿ ಸಾಯಲಿಲ್ಲ, ಬುದ್ಧಿ ಕಲಿತು ಉಳಿಯಿತು. ಯಾರಾದರೂ ಸೊಂಟ ಹಿಡಿದುಕೊಂಡು ಬಂದರೆ ಮೊದಲು ಡಾಕ್ಟರರ ಬಳಿಗೆ ಕಳಿಸುತ್ತೇನೆ. ಕಲ್ಲು ಸಣ್ಣದು, ಜ್ವರವಿಲ್ಲ ಎಂದು ಅವರು ಹೇಳಿದ ಮೇಲೆ ಭಟ್ಟರ ವಿಳಾಸ ಕೊಟ್ಟು, ಹುರುಳಿಸಾರಿನ ಗುಣಗಾನವನ್ನು ಎಂದಿನ ಧೈರ್ಯದಿಂದಲೇ ಶುರುಮಾಡುತ್ತೇನೆ.

ಆಪರೇಷನ್ ಆದ ಮೂರು ತಿಂಗಳ ಬಳಿಕ ಶರಣಪ್ಪ ಮನೆಗೆ ಬಂದ. ಕ್ಷಮೆ ಕೇಳಲು ನಾನು ಮಾತು ಹುಡುಕುತ್ತಿದ್ದಾಗ ಅವನೇ ಹೇಳಿದ: "ಕಷಾಯ ಕೆಟ್ಟದ್ದಿರಲಿಲ್ರಿ. ನೀವು ಕೇಳೋದಷ್ಟ ಮರ್ತಿದ್ರಿ." ಆಮೇಲೆ ಗೋದಾಮಿನ ಸುದ್ದಿ ಹೇಳಿದ. ಅಲ್ಲಿ ನಲ್ಲಿ ಇದ್ದದ್ದು ದೂರದ ಗೇಟಿನ ಬಳಿ; ಗಂಟು ಬಿಟ್ಟು ಅಲ್ಲಿತನಕ ಹೋದರೆ ಕೆಲಸ ಮಾಡಿಸುವ ಮುಕಾದಮನ ಬೈಗುಳ. ಹಾಗಾಗಿ ಹಮಾಲರು ಸಂಜೆಯವರೆಗೆ ಬಾಯಾರಿಯೇ ಇರುತ್ತಿದ್ದರು. ಮತ್ತೆ ಕೆಲಸಕ್ಕೆ ಹೋದ ದಿನವೇ ಶರಣಪ್ಪ ಒಂದು ಗಡಿಗೆ ಕೊಂಡು, ಲಾರಿ ನಿಲ್ಲುವ ಬಾಗಿಲಲ್ಲೇ ತುಂಬಿಸಿಟ್ಟನಂತೆ.

"ಮುಕಾದಮ ಸುಮ್ಮನಿದ್ದನೇ?" ಎಂದು ಕೇಳಿದೆ.

"ಎಲ್ಲಿ ಸುಮ್ಮಕಿರ್ತಾನ್ರಿ. ನೀರು ಕುಡದ್ರ ಮಂದಿ ಘಳಿಗಿಗೊಮ್ಮಿ ಹೊರಗ ಹೋಗ್ತಾರ, ಕೆಲಸ ಕೆಡ್ತದ ಅಂದ. ನಾ ಅಂಗಿ ಎತ್ತಿ ಹೊಲಿಗಿ ತೋರಿಸ್ದೆ. ಈಗ ಅವನೂ ಅದ ಗಡಿಗ್ಯಾಗಿಂದ ಕುಡೀತಾನ."